ಕೊಯ್ಯುವ ಮೊದಲು ಮೂರು ಹನಿ ನೀರು

ನಮ್ಮೂರಿನ ಕೋಳಿಗಳಿಗೆ ನನ್ನ ಗುರುತು ಚೆನ್ನಾಗಿದೆ. ನಾನು ಕಟ್ಟೆ ಇಳಿದು ಓಣಿಗೆ ಕಾಲಿಟ್ಟರೆ ಸಾಕು, ತಿಪ್ಪೆ ಕೆದರುತ್ತಿದ್ದವು ಕತ್ತೆತ್ತಿ ನೋಡುತ್ತವೆ, ಒಂದು ಸಲ 'ಕೊಕ್' ಎನ್ನುತ್ತವೆ, ಮರುಕ್ಷಣ ಗೋಡೆಯ ಆಚೆ. ನಾನು ಹಾಲು ತರಲು ಹೊರಟಿರಬಹುದು, ನಮಾಜಿಗೆ ಹೊರಟಿರಬಹುದು, ಜತ್ತದ ಬಸ್ಸು ಹಿಡಿಯುವ ಅವಸರದಲ್ಲಿರಬಹುದು. ಅದನ್ನೆಲ್ಲ ವಿಚಾರಿಸುವ ವ್ಯವಧಾನ ಅವುಗಳಿಗಿಲ್ಲ. ಜನ ನೋಡಿ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಿಜ ಹೇಳುತ್ತೇನೆ, ಮೂವತ್ತು ವರ್ಷ ದಿನಾ ಬೆಳಿಗ್ಗೆ ಯಾರಾದರೂ ನಿಮ್ಮನ್ನು ಕಂಡ ಕೂಡಲೇ ಓಡಿಹೋಗುವುದು ಅಂಥ ಸುಖದ ಸಂಗತಿಯೇನಲ್ಲ.

ನಾನು ಬಿಳೂರಿನ ಮುಲ್ಲಾ. ದೊಡ್ಡ ಓದಿನ ಮೌಲಾನಾ ಅಲ್ಲ. ಊರ ಮುಲ್ಲಾ ಎಂದರೆ ಊರಿಗೆ ಕೋಳಿ, ಕುರಿ ಕೊಯ್ದುಕೊಡುವವನು. ತಿನ್ನುವ ಮನೆ ಯಾರದೇ ಇರಲಿ, ಬೀಗರು ಬಂದರೆ, ಹರಕೆ ಇದ್ದರೆ, ಕರೆ ನನಗೆ ಬರುತ್ತದೆ. ಬಿಸ್ಮಿಲ್ಲಾ ಹೇಳಿ ಕೊಯ್ದುಕೊಟ್ಟು, ನನ್ನ ಪಾಲಿನ ತುಂಡು ಕಟ್ಟಿಸಿಕೊಂಡು ಬರುತ್ತೇನೆ. ನನ್ನ ಅಪ್ಪ ಮಾಡಿದ್ದೂ ಇದನ್ನೇ. ಒಂದಿಷ್ಟು ಜೋಳದ ಹೊಲವೂ ಇದೆ ಅನ್ನಿ. ಆದರೆ ಊರಲ್ಲಿ ನನ್ನನ್ನು ಹೊಲದಿಂದ ಗುರುತಿಸಿದವರನ್ನು ನಾನಿನ್ನೂ ಕಂಡಿಲ್ಲ.

ಅಪ್ಪ ಕತ್ತಿ ಕೈಗೆ ಕೊಟ್ಟ ದಿನ ಕತ್ತಿ ಆಡಿಸುವುದನ್ನು ಕಲಿಸಲಿಲ್ಲ; ಅದಕ್ಕೆ ಮುಂಚಿನದನ್ನು ಕಲಿಸಿದರು. ಪ್ರಾಣಿಯ ಕಣ್ಣ ಮುಂದೆ ಕತ್ತಿ ಮಸೆಯಬಾರದು. ಒಂದರ ಎದುರಿಗೆ ಇನ್ನೊಂದನ್ನು ಕೊಯ್ಯಬಾರದು. ಮತ್ತೆ, ನೀರು ಕುಡಿಸದೆ ಕತ್ತಿ ಎತ್ತಬಾರದು. "ಕುಡೀಲಿ ಬಿಡಲಿ, ನೀ ಕೊಡು. ಬಾಯಾರಿದ ಜೀವಾ ಕಳಸಬ್ಯಾಡ," ಎನ್ನುತ್ತಿದ್ದರು. ಹಾಗಾಗಿ ನನ್ನ ಚೀಲದಲ್ಲಿ ಕತ್ತಿಯ ಜೊತೆ ಒಂದು ಹಿತ್ತಾಳೆ ಬಟ್ಟಲೂ ಇರುತ್ತದೆ. ಬಹಳಷ್ಟು ಕೋಳಿಗಳು ಹೆದರಿಕೆಯಲ್ಲಿ ಕುಡಿಯುವುದಿಲ್ಲ. ಆಗ ಎಡಗೈ ಬೆರಳನ್ನು ಅದ್ದಿ ಕೊಕ್ಕಿನ ಮೇಲೆ ಮೂರು ಹನಿ ಬಿಟ್ಟು, ನನ್ನ ಕೆಲಸ ಮುಗಿಯಿತು ಎಂದುಕೊಳ್ಳುತ್ತಿದ್ದೆ. ಎಷ್ಟೋ ವರ್ಷಗಳಿಂದ ಅದು ಬರೀ ಶಾಸ್ತ್ರವಾಗಿ ಹೋಗಿತ್ತು.

ಹೋದ ವರ್ಷದ ಸುಗ್ಗಿ ಮುಗಿದ ಹೊಸತು. ಜೋಳದ ಕಣಿಕೆ ಹೇರಿಕೊಂಡು ಬಂದು, ಊಟ ಮಾಡಿ, ಮಧ್ಯಾಹ್ನ ಕಟ್ಟೆಯ ಮೇಲೆ ಅಡ್ಡಾಗಿದ್ದೆ. ಹಿಂದಿನ ಓಣಿಯ ಕುರಿಗಾರರ ಮನೆಯ ಆಯಿ ಬರಿಗಾಲಲ್ಲಿ ಓಡಿಬಂದಳು. ಅರವತ್ತು ದಾಟಿದ ಹೆಂಗಸು, ಕುರಿ ಹಿಂದೆ ಸುತ್ತಿ ಸುತ್ತಿ ಕಾಲು ಗಟ್ಟಿಯಾದವಳು; ಆದರೂ ಅವಳು ಓಡಿದ್ದನ್ನು ನಾನು ಅವತ್ತೇ ನೋಡಿದ್ದು. ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡಿದ್ದಳು. ಹಿಂದೆ ಅವಳ ಸೊಸೆ, ಕಣ್ಣು ಕೆಂಪಗೆ ಮಾಡಿಕೊಂಡು.

"ಮುಲ್ಲಾ, ಲಗೂನ ಕತ್ತಿ ತಗಿಯೋ ತಮ್ಮಾ! ಜೀವಾ ಹೊಂಟೈತಿ. ಹೋದಮ್ಯಾಲೆ ನೀ ಕೊಯ್ಯೂದಿಲ್ಲಲ್ಲ!"

ಇದೇನೂ ಹೊಸದಲ್ಲ. ಪ್ರಾಣ ಹೋದ ಮೇಲೆ ಕೊಯ್ದರೆ ಹರಾಮು, ತಿನ್ನಲು ಬರುವುದಿಲ್ಲ ಎಂಬುದು ನಮ್ಮವರಿಗಷ್ಟೇ ಅಲ್ಲ, ಊರಿಗೆಲ್ಲ ಗೊತ್ತು. ಹಾವು ಕಚ್ಚಿದವರನ್ನು ದವಾಖಾನೆಗೆ ಒಯ್ಯುವ ಹಾಗೆ ಸಾಯುವ ಕೋಳಿಯನ್ನು ನನ್ನ ಹತ್ತಿರ ಓಡಿಸಿಕೊಂಡು ಬರುತ್ತಾರೆ. ನಾನು ಚೀಲ ತೆಗೆದೆ. ಆಯಿ ಸೆರಗು ಬಿಚ್ಚಿ ಕೋಳಿಯನ್ನು ನನ್ನ ಕೈಗಿಟ್ಟಳು.

ಕಪ್ಪು ಹೇಂಟೆ. ಕುತ್ತಿಗೆಯಲ್ಲಿ ಮಾತ್ರ ಕೆಂಪು ಗರಿ. ಕೈಗೆ ಬಂದ ಭಾರವೇ ಏನೋ ತಪ್ಪಾಗಿದೆ ಎಂದು ಹೇಳಿತು. ಗರಿಯ ಒಳಗೆ ಕೋಳಿಯೇ ಇಲ್ಲ ಅನ್ನಿಸಿತು. ಎದೆಯ ಮೂಳೆ ನನ್ನ ಕತ್ತಿಯ ಬೆನ್ನಿನಂತೆ ಕೈಗೆ ಒತ್ತುತ್ತಿತ್ತು. ಕುತ್ತಿಗೆಯ ಬುಡದಲ್ಲಿ ಕಾಳು ತುಂಬುವ ಚೀಲ ಖಾಲಿಯಾಗಿ ಬೆನ್ನಿಗಂಟಿತ್ತು. ಜುಟ್ಟು ಕಪ್ಪಿಟ್ಟು ಒಂದು ಕಡೆ ವಾಲಿತ್ತು, ಕಣ್ಣು ಗುಳಿಬಿದ್ದಿತ್ತು. ಚರ್ಮ ಚಿವುಟಿ ಬಿಟ್ಟರೆ ಚಿವುಟಿದ ಹಾಗೆಯೇ ನಿಂತಿತು.

"ರೋಗೇನ ಆಯಿ?" ಎಂದೆ.

"ರೋಗಲ್ಲೋ. ಹಸಿವಿ," ಎಂದಳು. ಹಾಗೆಂದು ಕಟ್ಟೆಯ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡಳು.

ಆದದ್ದು ಇಷ್ಟು. ಕೋಳಿ ಕಾವಿಗೆ ಬಂದಿತ್ತು. ಕಾವಿಗೆ ಬಂದ ಕೋಳಿ ತತ್ತಿ ಇಡುವುದನ್ನು ನಿಲ್ಲಿಸುತ್ತದೆ, ಸರಿಯಾಗಿ ತಿನ್ನುವುದಿಲ್ಲ, ಬರೀ ನೆಲದ ಮೇಲಾದರೂ ಸರಿ, ಮಂಕಾಗಿ ಕೂತುಬಿಡುತ್ತದೆ. ಮರಿ ಬೇಕಾಗಿದ್ದರೆ ಅದರ ಕೆಳಗೆ ತತ್ತಿ ಇಟ್ಟು ಮೇಲೆ ಬುಟ್ಟಿ ಮುಚ್ಚುತ್ತಾರೆ. ಬೇಡವಾಗಿದ್ದರೆ ತಣ್ಣನೆಯ ನೆಲದ ಮೇಲೆ ಕೂಡಿಸಿ, ಕಾಳು ನೀರು ಕೊಡದೆ ಒಂದು ಹಗಲು ಬುಟ್ಟಿ ಮುಚ್ಚಿಟ್ಟು ಕಾವು ಬಿಡಿಸುತ್ತಾರೆ. ಎರಡಕ್ಕೂ ಬುಟ್ಟಿ ಒಂದೇ, ಮೇಲಿಡುವ ಕಲ್ಲೂ ಒಂದೇ. ಆಯಿ ಬೆಳಿಗ್ಗೆ ಕಾವು ಬಿಡಿಸಲು ಹಿಂದಿನ ಖೋಲಿಯಲ್ಲಿ ಬುಟ್ಟಿ ಮುಚ್ಚಿದಳು. ಅಷ್ಟರಲ್ಲಿ ಮಗಳನ್ನು ಕೊಟ್ಟ ಉಟಗಿಯಿಂದ ಫೋನು ಬಂತು: ಮಗಳಿಗೆ ಹೆರಿಗೆಯಾಯಿತು, ಗಂಡು ಮಗು. ಉಟ್ಟ ಸೀರೆಯಲ್ಲೇ ಜೀಪು ಹತ್ತಿದಳು. ಕೋಳಿ ತಲೆಯಿಂದ ಹಾರಿಹೋಯಿತು. ತಿರುಗಿ ಬಂದದ್ದು ಐದನೆಯ ದಿನ.

"ಮತ್ತ ನೀ ಮನ್ಯಾಗ ಇದ್ದಿಲ್ಲೇನವ್ವಾ?" ಎಂದು ಸೊಸೆಯನ್ನು ಕೇಳಿದೆ. ನನ್ನ ದನಿ ತುಸು ಏರಿತ್ತು.

"ಇದ್ದೆ ಮಾಮಾ. ಅತ್ತಿ ತತ್ತಿ ಇಟ್ಟು ಕುಂದ್ರಿಸ್ಯಾರ ಅಂತ ತಿಳಕೊಂಡೆ," ಎಂದಳು. "ಕುಂದ್ರಿಸಿದವರ ಕೈಲಿಂದನ ಬುಟ್ಟಿ ಎತ್ತಬೇಕು, ಮಂದಿ ಕಣ್ಣ ಬಿದ್ರ ತತ್ತಿ ಕೆಡ್ತಾವ ಅಂತ ಅತ್ತೀನ ಹೇಳ್ಯಾರ್ರಿ. ಹೋದ ಸಲ ನಾ ಬುಟ್ಟಿ ಎತ್ತಿ ನೋಡಿದ್ದಕ್ಕ ಎಂಟ ದಿನ ಮಾತ ಬಿಟ್ಟಿದ್ರು. ಅದಕ್ಕ, ಕಾವಿಗೆ ಕುಂತದ್ದು ಹಂಗೂ ಬಾಳ ತಿನ್ನೂದಿಲ್ಲಂತ, ಆ ಕಡೆ ಹಾಯಲೇ ಇಲ್ಲ."

ಈಗ ಯಾರನ್ನು ಬೈಯುವುದು? ಅತ್ತೆಯ ಮಾತನ್ನು ಸೊಸೆ ಅಕ್ಷರಶಃ ಪಾಲಿಸಿದ್ದಳು. ಸೊಸೆ ಅತ್ತೆಯ ಮಾತು ಕೇಳಿದ್ದರಿಂದ ಒಂದು ಜೀವ ಸಾಯಲು ಬಿದ್ದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಕೊಯ್ಯೋ ಮುಲ್ಲಾ," ಎಂದಳು ಆಯಿ. "ಕೊಯ್ದರ ನಾಕ ಮಂದಿ ಉಂಡ್ರು ಅಂತಾದ್ರೂ ಆಕ್ಕೈತಿ. ಹಸಿದು ಸತ್ರ ಆ ಪಾಪ ಎಲ್ಲಿ ತೊಳೀಲಿ? ಕುರಿ ಹಟ್ಟ್ಯಾಗ ಹುಟ್ಟಿದಾಕಿ ನಾನು. ನಾವು ಹಸಿದು ಮಲಗೇವಿ, ಆದ್ರ ಕಟ್ಟಿದ ಜೀವಾ ಹಸಿವಿಲೆ ಕೆಡವಿದ್ದಿಲ್ಲ. ಮನಿಗೆ ಕೂಸ ಬಂದ ವಾರದಾಗ ನನ್ನ ಕೈಲೇ ಆತಲ್ಲೋ! ಈ ಕೈಲೆ ಆ ಕೂಸಿನ ತೊಟ್ಟಲಾ ಹೆಂಗ ತೂಗಲಿ?"

ನಾನು ಬಟ್ಟಲಿಗೆ ನೀರು ಹಾಕಿದೆ. ಕೋಳಿಯ ತಲೆ ನನ್ನ ಅಂಗೈಯಲ್ಲಿ ಜೋತುಬಿದ್ದಿತ್ತು. ಶಾಸ್ತ್ರ ಮುಗಿಸೋಣ ಎಂದು ಎಡಗೈ ಬೆರಳು ಅದ್ದಿ ಕೊಕ್ಕಿನ ತುದಿಗೆ ಒಂದು ಹನಿ ಬಿಟ್ಟೆ. ಜಾರಿ ಬಿತ್ತು. ಎರಡನೆಯದೂ ಜಾರಿತು. ಮೂರನೆಯ ಹನಿ ಕೊಕ್ಕಿನ ಸಂದಿಯಲ್ಲಿ ನಿಂತಿತು. ನಾನು ಬಲಗೈಯನ್ನು ಕತ್ತಿಯ ಕಡೆ ಚಾಚಿದ್ದೆ. ಆಗ ಕೊಕ್ಕು ಅಲುಗಿತು. ಒಂದು ಸಲ ತೆರೆಯಿತು, ಮುಚ್ಚಿತು. ಗಂಟಲಲ್ಲಿ ಏನೋ ಇಳಿದದ್ದು ನನ್ನ ಬೆರಳಿಗೆ ಗೊತ್ತಾಯಿತು. ಆಮೇಲೆ ಅದು ಒಂದು ಕಣ್ಣು ತೆರೆದು ನನ್ನನ್ನು ನೋಡಿ, ಮತ್ತೆ ಕೊಕ್ಕು ತೆರೆಯಿತು. ಬೇಕು ಎಂದಿತು.

ಸಾವಿರ ಕೋಳಿಗೆ ನೀರು ಕೊಟ್ಟ ಕೈ ಇದು. ಇನ್ನೊಂದು ಹನಿ ಕೊಡು ಎಂದು ಕೇಳಿದ್ದು ಇದೊಂದೇ. ಕೇಳಿದವರಿಗೆ ಕೊಡದೆ ಕುತ್ತಿಗೆ ಕೊಯ್ಯಲು ನನ್ನಿಂದ ಆಗಲಿಲ್ಲ. ಕತ್ತಿಯನ್ನು ಚೀಲಕ್ಕೆ ಹಾಕಿದೆ.

"ಆಯಿ, ಇದು ಇನ್ನೂ ಹೊಂಟಿಲ್ಲ. ಕೊಯ್ಯೂದಿಲ್ಲ ನಾ."

"ನಾಳೆ ಸತ್ರ?"

"ಸತ್ರ ಆ ಪಾಪ ನಂದು," ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ಇದು ಬೇಕಿತ್ತೇ ಅನ್ನಿಸಿತು. ಆದರೆ ನಾನು ಹುಟ್ಟಾ ಹಟಮಾರಿ. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳುವ ಅಭ್ಯಾಸವಿಲ್ಲ. "ತೊಟ್ಟಲಾ ಯಾವಾಗ?"

"ಹದಿಮೂರನೇ ದಿನಕ್ಕ. ಇನ್ನ ಎಂಟ ದಿನಾ."

"ಎಂಟನೇ ದಿನ ನೀ ಜೀಪ ಹತ್ತೂದರಾಗ ನಿನ್ನ ಕೋಳಿ ನಿನ್ನ ಮುಂದ ನಡೀತೈತಿ. ಹೋಗು."

ಅವಳು ಎರಡೂ ಕೈ ಎತ್ತಿ ನನಗೆ ಮುಗಿದಳು. ನನಗಿಂತ ಹಿರಿಯಳು ಕೈ ಮುಗಿದದ್ದು ನನಗೆ ಬಹಳ ಭಾರವಾಯಿತು.

ಮನೆಯಲ್ಲಿ ನಮ್ಮದು ದಖನಿ ಮಾತು. ಆದರೆ ನನ್ನ ಹೆಂಡತಿ ವಿಜಯಪುರದ ಕಡೆಯವಳು. ಸಿಟ್ಟು ಬಂದರೆ ಕನ್ನಡಕ್ಕೆ ಇಳಿಯುತ್ತಾಳೆ. ಅವತ್ತು ಕನ್ನಡವೇ ಕೇಳಿಸಿತು. "ಊರ ಮಂದಿ ಪಾಪ ಎಲ್ಲಾ ನಿಮಗ ಬೇಕೇನ್ರಿ? ಕೊಯ್ಯಾಕ ಕರದ್ರ ಕೊಯ್ದು ಬರೂದು ಬಿಟ್ಟು!" ಎನ್ನುತ್ತಲೇ ಒಳಗೆ ಹೋಗಿ, ಮಕ್ಕಳಿಗೆ ಜುಲಾಬಾದಾಗ ಕೊಡುವ ಓಆರ್‌ಎಸ್ ಪುಡಿ ಹುಡುಕಿ, ಸಿಗದೆ, ಬೆಲ್ಲ ಮತ್ತು ಚಿಟಿಕೆ ಉಪ್ಪು ಕದಡಿದ ಉಗುರುಬೆಚ್ಚಗಿನ ನೀರು ತಂದಳು. ಬೈಗುಳ ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ. ನನ್ನ ಹಳೆಯ ಕಟ್ಟಿಗೆ ಪೆಟ್ಟಿಗೆ ಒಂದಿತ್ತು, ಕತ್ತಿ, ಮಸೆಗಲ್ಲು, ಹಗ್ಗ ಇಡುವಂಥದ್ದು. ಅದನ್ನು ಖಾಲಿ ಮಾಡಿ ಹರಿದ ಕೌದಿ ಹಾಸಿದಳು. "ಮಸಿಗಲ್ಲ ಹೊರಗ ಒಗೀರಿ. ಎಚ್ಚರ ಆಗಿ ಅದನ್ನ ನೋಡಿದ್ರ ಎದಿ ಒಡದ ಸಾಯ್ತೈತಿ," ಎಂದಳು. ಮಸೆಗಲ್ಲು ಎಂಟು ದಿನ ದನದ ಕೊಟ್ಟಿಗೆಯಲ್ಲಿತ್ತು.

ಸಂಜೆಯವರೆಗೆ ಹನಿ ಹನಿಯಾಗಿ ಕುಡಿಸಿದೆವು. ಬಾಯಲ್ಲಿ ಸುರಿಯುವ ಹಾಗಿಲ್ಲ, ಉಸಿರಿನ ದಾರಿಗೆ ಹೋದರೆ ಅಲ್ಲೇ ಮುಗಿಯಿತು. ಕೊಕ್ಕಿನ ಬದಿಗೆ ಹನಿ ಬಿಡಬೇಕು, ಅದು ನುಂಗುವವರೆಗೆ ಕಾಯಬೇಕು. ನನಗೆ ಕಾಯುವ ಅಭ್ಯಾಸವಿಲ್ಲ. ನನ್ನ ಕಸುಬಿನಲ್ಲಿ ಎಲ್ಲವೂ ಒಂದು ಉಸಿರಿನಲ್ಲಿ ಆಗಿಹೋಗಬೇಕು. ತಡ ಮಾಡಿದರೆ ಅದು ತಪ್ಪು. ಇಲ್ಲಿ ಅದರ ಉಲ್ಟಾ. ಆದರೂ ಆ ಸಂಜೆ ಅಲುಗದೆ ಕೂತೆ. ಕತ್ತಲಾಗುವಷ್ಟರಲ್ಲಿ ಅದು ತಲೆಯನ್ನು ತಾನೇ ಹಿಡಿದುಕೊಳ್ಳುವಂತಾಯಿತು. ಬೆಳಿಗ್ಗೆ ಪೆಟ್ಟಿಗೆ ತೆಗೆದಾಗ ಎರಡೂ ಕಣ್ಣು ತೆರೆದಿತ್ತು.

ಸುದ್ದಿ ಊರೆಲ್ಲ ಮುಟ್ಟಿತು. ಬಸ್ ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ನಾನು ಕೂತ ಕೂಡಲೇ ಒಬ್ಬ ಶುರು ಮಾಡಿದ, "ಬರ್ರಿ ಡಾಕ್ಟರ್, ಕುಂದ್ರಿ. ಪೇಷಂಟ ಹೆಂಗೈತಿ?" ಇನ್ನೊಬ್ಬ, "ತೋಳನ ಕೈಯಾಗ ಕುರಿ ಕೊಟ್ಟಂಗ ಆತಲ್ಲಪಾ," ಎಂದ. ಮೂರನೆಯವನು ನನ್ನ ವಯಸ್ಸಿನ ರೈತ, ಗಂಭೀರವಾಗಿ ಹೇಳಿದ, "ಇಲ್ಲಪಾ, ದಪ್ಪ ಮಾಡಿ ಕೊಯ್ತಾನವಾ." ನಾನು ಚಹ ಕುಡಿದು, "ಎಂಟ ದಿನ ತಡೀರಿ," ಎಂದು ಎದ್ದು ಬಂದೆ. ಸಿಟ್ಟಿನಲ್ಲಿ ಬಂದೆ. ಆ ಸಿಟ್ಟೇ ನನ್ನಿಂದ ದೊಡ್ಡ ತಪ್ಪು ಮಾಡಿಸಿತು.

ಲಗೂನ ಎದ್ದು ನಿಲ್ಲಬೇಕು, ಅವರ ಬಾಯಿ ಮುಚ್ಚಿಸಬೇಕು ಎಂದು ಎರಡನೆಯ ದಿನ ಹೆಂಡತಿ ಹೊಲಕ್ಕೆ ಹೋದಾಗ ಒಂದು ಹಿಡಿ ಜೋಳ ನೆನೆಹಾಕಿ ಮುಂದಿಟ್ಟೆ. ಅದು ಕಾಳು ಕಂಡದ್ದೇ ತಡ, ಹುಚ್ಚು ಹಿಡಿದಂತೆ ತಿಂದಿತು. ನನಗೆ ಆನಂದ. ಮತ್ತೊಂದು ಹಿಡಿ ಹಾಕಿದೆ. ಕಾಳಿನ ಚೀಲ ನಿಂಬೆಹಣ್ಣಿನ ಗಾತ್ರ ಉಬ್ಬಿತು. ನೋಡಿ ಹೆಮ್ಮೆಪಟ್ಟೆ. ಮರುದಿನ ಬೆಳಿಗ್ಗೆ ಆ ಚೀಲ ಅಷ್ಟೇ ದೊಡ್ಡದಾಗಿತ್ತು, ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಕಾಳೂ ಕೆಳಗಿಳಿದಿರಲಿಲ್ಲ. ಕೊಕ್ಕಿನಿಂದ ಹುಳಿ ನಾತ. ಕೋಳಿ ಮತ್ತೆ ಕಣ್ಣು ಮುಚ್ಚಿ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ಆಯಿ ದಿನಾ ಬೆಳಿಗ್ಗೆ ನೋಡಲು ಬರುತ್ತಿದ್ದಳು. ಅವತ್ತು ಬಂದು ಚೀಲ ಮುಟ್ಟಿ ನೋಡಿ, ನನ್ನ ಮುಖ ನೋಡಿದಳು. ನಾನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ನಾನ ಕಾಳ ಹಾಕೀನಿ, ಆಯಿ. ತಪ್ಪಾತು," ಎಂದೆ. ನನ್ನ ಜನ್ಮದಲ್ಲಿ ನಾನು ಈ ಮಾತನ್ನು ಎಷ್ಟು ಸಲ ಆಡಿದ್ದೇನೆ ಎಂದು ನನ್ನ ಹೆಂಡತಿಯನ್ನು ಕೇಳಿದರೆ ಬೆರಳು ಮಡಚುವ ಕಷ್ಟವೂ ಅವಳಿಗೆ ಬರುವುದಿಲ್ಲ.

ಆಯಿ ಬೈಯಲಿಲ್ಲ. ಪೆಟ್ಟಿಗೆಯ ಪಕ್ಕ ಕೂತು, ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದಳು: "ಬ್ಯಾಸಗ್ಯಾಗ ಕುರಿ ದಿನಾ ಪೂರ್ತಿ ನಡದು ನೀರಿಗೆ ಬರ್ತಾವ ನೋಡು, ಆಗ ಬಿಟ್ರ ಹೊಂಡಾನ ಕುಡೀತಾವ. ಕುಡದು ಅಲ್ಲೇ ಬೀಳ್ತಾವ. ಅದಕ್ಕ ನಾಕ ಗುಟುಕ ಕುಡಸೂದು, ಕೋಲ ಅಡ್ಡ ಹಿಡಿಯೂದು, ಹಿಂದ ಹೊಡಿಯೂದು. ಮತ್ತ ನಾಕ ಗುಟುಕ. ಅವು ಒದರ್ತಾವ, ನಮ್ಮ ಕರಳ ಚುರ್ ಅಂತೈತಿ. ಆದ್ರೂ ಕೋಲ ತಗಿಯಬಾರದು. ಹಸಿದವರಿಗೆ ಕೊಡೂದಕ್ಕಿಂತ ತಡಿಯೂದು ದೊಡ್ಡ ಕೆಲಸಾ, ಮುಲ್ಲಾ."

ಮೂವತ್ತು ವರ್ಷದ ಮುಲ್ಲಾಕಿ ನನಗೆ ಕಲಿಸದ್ದನ್ನು ಅವಳು ಹೊಂಡದ ದಂಡೆಯಲ್ಲಿ ಕಲಿತಿದ್ದಳು. ಅವತ್ತಿನಿಂದ ಕೋಳಿ ಅವಳ ಕೋಲಿನ ಕೆಳಗೆ ಬಂತು, ನಾನೂ ಬಂದೆ. ನಾಲ್ಕು ಹನಿ ಕುಸುಬಿ ಎಣ್ಣೆ ಬೆರೆಸಿದ ಬೆಚ್ಚನೆಯ ನೀರನ್ನು ಹನಿಹನಿಯಾಗಿ ಕುಡಿಸಿ, ಕಾಳಿನ ಚೀಲವನ್ನು ಎರಡು ಬೆರಳಿನಿಂದ ಮೆಲ್ಲಗೆ ನೀವುವುದು. ಬಿಡುವುದು. ಮತ್ತೆ ನೀವುವುದು. ಜೋಳದ ಕಾಳು ಬೆರಳಿನ ಕೆಳಗೆ ಒಂದೊಂದಾಗಿ ಸಡಿಲಾಗುವುದು ಗೊತ್ತಾಗುತ್ತಿತ್ತು. ಈ ಬೆರಳುಗಳಿಗೆ ಕೋಳಿಯ ಕುತ್ತಿಗೆ ಪರಿಚಿತ. ಯಾವ ನರ ಎಲ್ಲಿ, ಯಾವ ಕೊಳವೆ ಎಲ್ಲಿ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಆ ವಿದ್ಯೆ ಬದುಕಿಸಲಿಕ್ಕೂ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಾದಾಗ ನನ್ನ ಕಣ್ಣಲ್ಲಿ ನೀರು ಬಂತು. ಹೆಂಡತಿ ನೋಡಿದಳು, ಏನೂ ಅನ್ನಲಿಲ್ಲ. ಅದೂ ಅಪರೂಪವೇ.

ನಾಲ್ಕನೆಯ ದಿನ ಸಂಜೆ ಚೀಲ ಅರ್ಧ ಇಳಿಯಿತು. ಐದನೆಯ ದಿನ ಬೆಳಿಗ್ಗೆ ಹೆಂಡತಿ ಅಂಗಳದಿಂದ ಕೂಗಿದಳು, "ಬರ್ರಿ, ಲಗೂನ ಬರ್ರಿ!" ಸತ್ತೇಹೋಯಿತು ಎಂದು ನಾನು ಹಲ್ಲುಜ್ಜುವುದನ್ನು ಬಿಟ್ಟು ಓಡಿದೆ. ಅವಳು ಕೌದಿಯ ಮೇಲೆ ಬೆರಳು ತೋರಿಸಿ ನಿಂತಿದ್ದಳು. ಹಿಕ್ಕೆ. ಮೊದಲಿನ ಹಸಿರು ನೀರಲ್ಲ. ಗಟ್ಟಿಯಾದ, ತುದಿಯಲ್ಲಿ ಬಿಳಿ ಇರುವ, ಒಳ್ಳೆಯ ಮನೆತನದ ಕೋಳಿಯ ಹಿಕ್ಕೆ. ಗಂಡಹೆಂಡತಿ ಇಬ್ಬರೂ ಅದನ್ನು ನೋಡುತ್ತಾ ಮದುವೆ ಮನೆಯಲ್ಲಿ ನಿಂತವರ ಹಾಗೆ ನಗುತ್ತಿದ್ದೆವು. ಓಣಿಯಲ್ಲಿ ಹೋಗುತ್ತಿದ್ದವರು ಇಣುಕಿ ನೋಡಿ, ಏನೂ ಕೇಳದೆ ಮುಂದೆ ಹೋದರು.

ಆಮೇಲೆ ತೆಳ್ಳನೆಯ ಜೋಳದ ಅಂಬಲಿ, ದಿನಕ್ಕೆ ಆರು ಸಲ, ಸಲಕ್ಕೆ ನಾಲ್ಕು ಗುಟುಕು. ಹೆಂಡತಿ ಬೇಯಿಸಿದ ತತ್ತಿಯ ಹಳದಿಯನ್ನು ಬೆರಳಲ್ಲಿ ನುರಿದು ತಿನ್ನಿಸಿದಳು. "ತನ್ನ ಜಾತೀದು ತಾನ ತಿಂತೈತೇನ?" ಎಂದು ನಾನು ಕೇಳಿದ್ದಕ್ಕೆ, "ಬಾಣಂತನದಾಗ ಜಾತಿ ಕೇಳಬಾರದು," ಎಂದಳು. ಅದು ಅಂಬಲಿ ಮುಗಿದ ಕೂಡಲೇ ಇನ್ನೂ ಬೇಕೆಂದು ಕೊಕ್ಕು ತೆರೆದು ನನ್ನ ಎಡಗೈ ಬೆರಳನ್ನೇ ನೋಡುತ್ತಿತ್ತು. ಬೆರಳು ತಾನಾಗಿ ಬಟ್ಟಲಿನ ಕಡೆ ಹೋಗುತ್ತಿತ್ತು. ಆದರೆ ಕೋಲು ಅಡ್ಡ ಹಿಡಿದೆ. ಬೆರಳಿನ ತುದಿಯಲ್ಲಿ ಮೂರು ಹನಿ ನೀರು ಕೊಟ್ಟು, ಬಟ್ಟಲು ಮುಚ್ಚಿಡುತ್ತಿದ್ದೆ.

ಆರನೆಯ ದಿನ ಜುಟ್ಟಿನ ಬುಡದಲ್ಲಿ ಕೆಂಪು ಕಾಣಿಸಿತು. ಏಳನೆಯ ದಿನ ಅದು ಎದ್ದು ನಿಂತಿತು. ನಿಂತಿತು, ಕಾಲು ನಡುಗಿತು, ಪಕ್ಕಕ್ಕೆ ಬಿತ್ತು. ಮತ್ತೆ ನಿಲ್ಲಿಸಿದರೆ ಮತ್ತೆ ಬಿತ್ತು. ನಾಳೆ ಆಯಿ ಹೊರಡಬೇಕು. ನನಗೆ ಊಟ ಸೇರಲಿಲ್ಲ. ಬಾಯಿ ಬಿಟ್ಟು ಆಡಿದ ಮಾತು ಊರ ತುಂಬ ಓಡಾಡುತ್ತಿತ್ತು. ಅದು ಹೋಗಲಿ, ಆಯಿ ತೊಟ್ಟಿಲ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುವುದು ಕಣ್ಣ ಮುಂದೆ ಬರುತ್ತಿತ್ತು.

ಎಂಟನೆಯ ದಿನ ಬೆಳಿಗ್ಗೆ ಉಟಗಿಗೆ ಹೋಗುವ ಜೀಪು ಅವರ ಮನೆಯ ಮುಂದೆಯೇ ಬಂದು ನಿಂತಿತ್ತು. ಒಳಗೆ ನೆಂಟರು, ತೊಟ್ಟಿಲಿಗೆ ಒಯ್ಯುವ ಬಟ್ಟೆಯ ಗಂಟು. ಡ್ರೈವರು ಹಾರ್ನು ಹೊಡೆಯುತ್ತಿದ್ದ. ಆಯಿ ಹೊಸ ಇಳಕಲ್ ಸೀರೆ ಉಟ್ಟು ಹೊಸ್ತಿಲ ಮೇಲೆ ಕೂತಿದ್ದಳು; ಜೀಪು ಹತ್ತಿರಲಿಲ್ಲ. ನಾನು ಪೆಟ್ಟಿಗೆ ಹೊತ್ತುಕೊಂಡು ಹೋದೆ. ಹಿಂದೆ ಚಹದ ಅಂಗಡಿಯ ಗುಂಪೂ ಬಂತು. ಇಂಥದ್ದಕ್ಕೆ ಅವರಿಗೆ ಪುರುಸೊತ್ತು ಯಾವಾಗಲೂ ಇರುತ್ತದೆ. ಓಣಿಯ ಕೋಳಿಗಳು ನನ್ನನ್ನು ಕಂಡು ಪದ್ಧತಿಯಂತೆ ಗೋಡೆ ಹಾರಿದವು.

ಕೋಳಿಯನ್ನು ತೆಗೆದು ನೆಲದ ಮೇಲಿಟ್ಟೆ. ಅದು ಕೂತುಬಿಟ್ಟಿತು.

ಡ್ರೈವರು ಹಾರ್ನು ನಿಲ್ಲಿಸಿದ. ಆಯಿಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಹೆಗಲ ಚೀಲದಿಂದ ಬಟ್ಟಲು ತೆಗೆದು ನೀರು ಹಾಕಿಸಿಕೊಂಡೆ. ಹತ್ತು ಹೆಜ್ಜೆ ಹಿಂದೆ ಸರಿದು, ಓಣಿಯ ಆಚೆ ಬದಿಗೆ ಕುಕ್ಕರಗಾಲಲ್ಲಿ ಕೂತು, ಎಡಗೈ ಬೆರಳು ಅದ್ದಿ ಮುಂದೆ ಹಿಡಿದೆ. ನೀರು ತೊಟ್ಟಿಕ್ಕಿತು. ಅದು ಒಂದು ಕಣ್ಣಲ್ಲಿ ನೋಡಿತು. ತಲೆ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿತು. ಆಮೇಲೆ ರೆಕ್ಕೆ ನೆಲಕ್ಕೂರಿ ಎದ್ದಿತು. ಕಾಲು ನಡುಗಿತು, ನಿಂತಿತು. ಒಂದು ಹೆಜ್ಜೆ. ಎರಡು. ಅಡ್ಡಡ್ಡ ನಡೆಯುತ್ತಾ, ಒಮ್ಮೆ ಮುಗ್ಗರಿಸಿ, ಕತ್ತು ಮುಂದೆ ಚಾಚಿ, ಓಣಿಯ ಅಗಲವನ್ನೆಲ್ಲ ದಾಟಿ ಬಂದು ನನ್ನ ಬೆರಳಿನ ತುದಿಯ ನೀರು ಕುಡಿಯಿತು. ಕುಡಿದು, ಮೈ ಜಾಡಿಸಿ ಗರಿ ಉಬ್ಬಿಸಿ, "ಕೊಕ್ಕೊಕ್" ಎಂದು ಸೊಕ್ಕಿನಿಂದ ಸುತ್ತ ನೋಡಿತು.

ಜೀಪಿನೊಳಗೆ ಹೆಂಗಸರು ಸೀಟಿ ಹೊಡೆದರೆಂದರೆ ನಂಬಿ. ಚಹದ ಅಂಗಡಿಯ ರೈತ, "ಕೋಳಿ ಮುಲ್ಲಾನ ಕಡೆ ಹೋಗೂದು ಮೊದಲ ಸಲ ನೋಡಿದ್ನೆಪಾ," ಎಂದ. ನಗಲಿಲ್ಲ, ಹಾಗೇ ಹೇಳಿದ. ಗೆದ್ದೆ ಎಂದು ನನಗೆ ಅನ್ನಿಸಿದ್ದು ಆ ಮಾತಿಗೆ. ಎದೆ ಉಬ್ಬಿಸಿಯೇ ನಿಂತೆ, ಸುಳ್ಳು ಯಾಕೆ ಹೇಳಲಿ.

ಆಯಿ ಎದ್ದು ಬಂದಳು. ಕೋಳಿಯ ಬೆನ್ನು ಸವರಿ, ಅದೇ ಕೈಯಿಂದ ನನ್ನ ತಲೆ ಸವರಿದಳು. "ಈಗ ತೂಗ್ತೀನಿ ತೊಟ್ಟಲಾ," ಎಂದು ಸೊಸೆಯ ಕೈ ಹಿಡಿದುಕೊಂಡು ಜೀಪು ಹತ್ತಿದಳು. ಕೋಳಿಯನ್ನು ನೋಡಿಕೊಳ್ಳುವ ಕೆಲಸ ಮತ್ತೆರಡು ದಿನ ನನ್ನ ಮನೆಗೇ ಬಂತು.

ಈಗ ಆ ಮನೆಯಲ್ಲಿ ಕಾವು ಬಿಡಿಸಲು ಮುಚ್ಚಿದ ಬುಟ್ಟಿಗೆ ಕೆಂಪು ಚಿಂದಿ ಕಟ್ಟಿರುತ್ತದೆ. ಸೊಸೆ ತಂದ ಪದ್ಧತಿ. ಯಾರು ಬೇಕಾದರೂ ಎತ್ತಿ ನೋಡಬಹುದು. ನನ್ನ ಮನೆಗೂ ಕೊನೆಯುಸಿರಿನ ಕೋಳಿ ತಂದವರು ಈಗ, "ಮೊದಲ ನೀರ ಹಾಕಿ ನೋಡ್ರಿ," ಎನ್ನುತ್ತಾರೆ. ಎಲ್ಲವೂ ಉಳಿಯುವುದಿಲ್ಲ, ಹೆಚ್ಚಿನವು ಕತ್ತಿಗೇ ಹೋಗುತ್ತವೆ. ಆದರೆ ಮೂರು ಹನಿ ಬಿಟ್ಟ ಮೇಲೆ ನಾನೀಗ ಕಾಯುತ್ತೇನೆ. ಕೊಕ್ಕು ಅಲುಗುತ್ತದೋ ಇಲ್ಲವೋ ಎಂದು ಸರಿಯಾಗಿ ನೋಡುತ್ತೇನೆ.

ಐದು ತಿಂಗಳ ಮೇಲೆ ಮಗಳು ಕೂಸನ್ನು ಎತ್ತಿಕೊಂಡು ತವರಿಗೆ ಬಂದಳು. ಹುಂಜ ಕೊಯ್ಯಲು ನನಗೆ ಕರೆ ಬಂತು. ಚೀಲ ಹಿಡಿದು ಹೋದೆ. ನನ್ನನ್ನು ಕಂಡದ್ದೇ ಅಂಗಳದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಹುಂಜವನ್ನು ಹೇಗೋ ಹಿಡಿದುಕೊಟ್ಟರು. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಕಪ್ಪು ಹೇಂಟೆ ಓಡಿಬಂತು, ಹಿಂದೆ ಒಂಬತ್ತು ಮರಿ. ಬಂದು ನನ್ನ ಕಾಲ ಬಳಿ ನಿಂತು ಕೊಕ್ಕು ತೆರೆಯಿತು.

ಒಂದರ ಎದುರಿಗೆ ಇನ್ನೊಂದನ್ನು ಕೊಯ್ಯುವ ಹಾಗಿಲ್ಲ. ನಾನು ಮನೆಯ ಹಿಂದಕ್ಕೆ ಹೋದೆ, ಅದೂ ಬಂತು. ಬಣವೆಯ ಮರೆಗೆ ಹೋದೆ. ಅದೂ, ಒಂಬತ್ತು ಮರಿಗಳೂ ಬಂದವು. "ತಡಿ, ಮುಚ್ಚಿಡ್ತೀನಿ," ಎಂದು ಆಯಿ ಬುಟ್ಟಿಯ ಕಡೆ ಕೈ ಚಾಚಿದಳು. "ಬುಟ್ಟಿ ಬ್ಯಾಡಾ!" ಎಂದು ಇಡೀ ಮನೆ ಒಟ್ಟಿಗೆ ಕೂಗಿತು. ಆಯಿ ಕೈ ಹಿಂದಕ್ಕೆ ತೆಗೆದುಕೊಂಡು, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಹುಂಜ ಬಿಡೋ ಮುಲ್ಲಾ. ಮೊದ್ಲ ನಮ್ಮಾಕೀಗೆ ನೀರ ಕುಡಸು."

ಹುಂಜವನ್ನು ಬಿಟ್ಟೆ. ಮೂರು ಹನಿ ಕುಡಿಸಿದೆ, ಕೇಳಿದ್ದಕ್ಕೆ ನಾಲ್ಕನೆಯದೂ ಕೊಟ್ಟೆ. ಅವತ್ತು ಅವರ ಮನೆಯಲ್ಲಿ ಕಡಲೆಬೇಳೆ ಹೋಳಿಗೆಯಾಯಿತು. ನನ್ನ ಪಾಲು ಎಂದು ನಾಲ್ಕು ಹೋಳಿಗೆ ಕಟ್ಟಿಕೊಟ್ಟರು. ಮನೆಗೆ ಹೊರಟಾಗ ಓಣಿಯ ಕೋಳಿಗಳು ಗೋಡೆ ಹಾರಿದವು. ಕಪ್ಪು ಹೇಂಟೆ ಮಾತ್ರ ಮರಿಗಳನ್ನು ಕಟ್ಟಿಕೊಂಡು ನನ್ನ ಮನೆಯ ಕಟ್ಟೆಯವರೆಗೂ ನನ್ನ ಹಿಂದೆ ನಡೆದು ಬಂತು.